ಕಡಿಮೆ ಬಿದ್ದ ಏಳು ಅಕ್ಷರ: ಒಂದು ಸ್ವೀಡಿಷ್ ಹಾಡು, ಒಂದು ಕಂಠ, ಒಂದು ಪಿಯಾನೋ

ಹಾಡು ಬಹಳ ಚಿಕ್ಕದು. ನಾಲ್ಕು ಸಾಲಿನ ಎರಡು ನುಡಿ, ಅಷ್ಟೇ. ಸ್ವೀಡನ್ನಿಗೂ ಫಿನ್‌ಲೆಂಡಿಗೂ ನಡುವಿನ ಸಮುದ್ರದಲ್ಲಿ ಓಲಾಂಡ್ ಅಂತ ಒಂದು ದ್ವೀಪಗಳ ಗುಂಪಿದೆ. ದೇಶ ಫಿನ್‌ಲೆಂಡ್, ಜನ ಆಡುವ ಮಾತು ಸ್ವೀಡಿಷ್. ಈ ಹಾಡು ಆ ಕಡೆಯದು ಎಂದೇ ಜನ ಗುರುತಿಸುತ್ತಾರೆ. ‘ವೆಮ್ ಕಾನ್ ಸೇಗ್ಲಾ ಫೊರೂತಾನ್ ವಿಂಡ್’ ಅಂತ ಶುರುವಾಗುತ್ತದೆ. ಗಾಳಿ ಇಲ್ಲದೆ ಹಾಯಿ ಬಿಡುವವರು ಯಾರು? ಹುಟ್ಟು ಇಲ್ಲದೆ ದೋಣಿ ನಡೆಸುವವರು ಯಾರು? ಕಣ್ಣೀರು ಹಾಕದೆ ತನ್ನ ಗೆಳೆಯನನ್ನು ಅಗಲುವವರು ಯಾರು? ಮೊದಲ ನುಡಿ ಇಷ್ಟು ಕೇಳಿ ನಿಲ್ಲುತ್ತದೆ. ಎರಡನೆಯದು ಉತ್ತರ ಕೊಡುತ್ತದೆ. ಗಾಳಿ ಇಲ್ಲದೆಯೂ ನಾನು ಹಾಯಿ ಬಿಟ್ಟೇನು, ಹುಟ್ಟು ಇಲ್ಲದೆಯೂ ದೋಣಿ ನಡೆಸಿಯೇನು, ಆದರೆ ನನ್ನ ಗೆಳೆಯನನ್ನು ಮಾತ್ರ ಕಣ್ಣೀರಿಲ್ಲದೆ ಅಗಲಲಾರೆ.

ನಮ್ಮ ಜಾನಪದ ಕೇಳಿ ಬೆಳೆದವರಿಗೆ ಇದು ಹೊಸದು ಅನ್ನಿಸುವುದೇ ಇಲ್ಲ, ಅಲ್ವಾ?

ಈ ಹಾಡನ್ನು ಒಬ್ಬ ಜಾಝ್ ಗಾಯಕಿ ಮತ್ತು ಒಬ್ಬ ಪಿಯಾನೋ ವಾದಕ, ಇಬ್ಬರೇ ಸೇರಿ ಇಂಗ್ಲಿಷಿನಲ್ಲಿ ಹಾಡಬೇಕು ಅಂತಿಟ್ಟುಕೊಳ್ಳಿ. ಬಾಸ್ (ತಗ್ಗು ಸ್ವರದ ತಂತಿವಾದ್ಯ) ಇಲ್ಲ, ಡ್ರಮ್ಸ್ ಇಲ್ಲ. ಆಗ ಏನೇನಾಗುತ್ತದೆ? ಈ ಪ್ರಕರಣ ಅಷ್ಟೇ. ನಾರ್ಡಿಕ್ ದೇಶಗಳ, ಅಂದರೆ ಸ್ವೀಡನ್, ನಾರ್ವೆ, ಫಿನ್‌ಲೆಂಡ್ ಕಡೆಯ, ಹಳೆಯ ಹಾಡುಗಳನ್ನು ಜಾಝ್‌ನವರು ಇಂಗ್ಲಿಷಿಗೆ ತಂದು ಹಾಡುವುದು ನನಗೆ ಬಹಳ ಇಷ್ಟದ ಸಂಗತಿ. ಅದಕ್ಕೇ ಅಂಥವುಗಳಲ್ಲಿ ಕೆಲವು ಯಾಕೆ ಎದೆಗೆ ತಾಕುತ್ತವೆ, ಕೆಲವು ಚೆಂದ ಹಾಡಿದರೂ ಯಾಕೆ ಬಾಡಿಗೆ ಬಟ್ಟೆ ಹಾಕಿಕೊಂಡ ಹಾಗೆ ಕೇಳಿಸುತ್ತವೆ ಅನ್ನುವುದು ಬಹಳ ದಿನ ತಲೆ ತಿಂದಿತ್ತು. ಒಂದು ಹಾಡು ಹಿಡಿದು ಕೂತು, ಬೆರಳು ಮಡಿಸಿ ಅಕ್ಷರ ಎಣಿಸಿದಾಗ ಸ್ವಲ್ಪ ತಿಳಿಯಿತು.

ಎಣಿಸಿ ನೋಡಿದ್ದು

ಸ್ವೀಡಿಷ್‌ನಲ್ಲಿ ಮೊದಲ ನುಡಿ ಹೀಗೆ ಕೇಳಿಸುತ್ತದೆ:

ವೆಮ್ ಕಾನ್ ಸೇಗ್ಲಾ ಫೊರೂತಾನ್ ವಿಂಡ್,
ವೆಮ್ ಕಾನ್ ರೂ ಊತಾನ್ ಓರೋರ್,
ವೆಮ್ ಕಾನ್ ಶಿಲ್ಯಾಸ್ ಫ್ರೋನ್ ವೆನ್ನೆನ್ ಸಿನ್
ಊತಾನ್ ಅತ್ ಫೆಲ್ಲಾ ತೋರಾರ್.

ಒಂದೊಂದು ಸ್ವರಕ್ಕೆ (ಅ, ಆ ಥರದ್ದು) ಒಂದೊಂದು ಉಲಿಯಂತೆ, ಅಂದರೆ ಸಿಲಬಲ್‌ನಂತೆ, ಎಣಿಸಿದರೆ 8, 7, 8, 7. ಒಟ್ಟು 30. ಇದನ್ನೇ ಇಂಗ್ಲಿಷಿಗೆ ನೇರವಾಗಿ ಇಳಿಸಿದರೆ ‘ಹೂ ಕ್ಯಾನ್ ಸೇಲ್ ವಿದೌಟ್ ವಿಂಡ್, ಹೂ ಕ್ಯಾನ್ ರೋ ವಿದೌಟ್ ಓರ್ಸ್, ಹೂ ಕ್ಯಾನ್ ಪಾರ್ಟ್ ಫ್ರಮ್ ಹಿಸ್ ಫ್ರೆಂಡ್, ವಿದೌಟ್ ಶೆಡಿಂಗ್ ಟಿಯರ್ಸ್’. ಎಣಿಕೆ 6, 6, 6, 5. ಒಟ್ಟು 23. ಅರ್ಥ ಪೂರ್ತಿ ಬಂತು, ಏಳು ಅಕ್ಷರ ಕಡಿಮೆ ಬಿತ್ತು.

ಹೆಚ್ಚಾಗಿ ಎಲ್ಲಿ ಕಡಿಮೆ ಬಿತ್ತು ನೋಡಿ. ಈ ಹಾಡಿನ ತೂಕವೆಲ್ಲ ಇರುವುದು ಐದು ಪದಗಳಲ್ಲಿ: ಸೇಗ್ಲಾ, ಓರೋರ್, ಶಿಲ್ಯಾಸ್, ಫೆಲ್ಲಾ, ತೋರಾರ್. ಹಾಯಿ ಬಿಡು, ಹುಟ್ಟುಗಳು, ಅಗಲು, ಸುರಿಸು, ಕಣ್ಣೀರು. ಐದೂ ಎರಡೆರಡು ಉಲಿಯ ಪದ. ಇಂಗ್ಲಿಷಿನಲ್ಲಿ ಐದಕ್ಕೂ ಸಿಗುವುದು ಒಂದೊಂದು ಉಲಿಯ ಪದ: ಸೇಲ್, ಓರ್ಸ್, ಪಾರ್ಟ್, ಶೆಡ್ (ಸಾಲಿನಲ್ಲಿ ಮಾತ್ರ ಅದು ‘ಶೆಡಿಂಗ್’ ಆಯಿತು), ಟಿಯರ್ಸ್. ಕನ್ನಡಕ್ಕೆ ಬಂದರೆ ತೊಂದರೆ ಉಲ್ಟಾ. ‘ಗಾಳಿಯಿಲ್ಲದೆ ಹಾಯಿ ಬಿಡುವವರ್ಯಾರು’ ಅಂದರೆ 13 ಅಕ್ಷರ, ಇರುವ ಜಾಗ ಎಂಟು. ನಮ್ಮಲ್ಲಿ ಪದ ಬೆಳೆಯುತ್ತಾ ಹೋಗುತ್ತದೆ, ಇಂಗ್ಲಿಷಿನಲ್ಲಿ ಮೊಟಕಾಗುತ್ತದೆ.

ಹಾಡಿಗೆ ಮಾತು ಕೂರಿಸುವವರು ಇಂಥ ಕಡೆ ಸಾಮಾನ್ಯವಾಗಿ ಮಾಡುವುದು ಒಂದೇ. ತುಂಬಿಸುವುದು. ನಾನೂ ಮೊದಲು ಅದನ್ನೇ ಮಾಡಿದೆ. ‘ಹೂ ಕ್ಯಾನ್ ಎವರ್ ಸೇಲ್ ವಿದೌಟ್ ವಿಂಡ್, ಹೂ ಕ್ಯಾನ್ ರೋ ವಿದೌಟ್ ದೇರ್ ಓರ್ಸ್, ಹೂ ಕ್ಯಾನ್ ಪಾರ್ಟ್ ಫ್ರಮ್ ಎ ಫ್ರೆಂಡ್ ಸೋ ಡಿಯರ್, ವಿದೌಟ್ ಎವರ್ ಶೆಡಿಂಗ್ ಟಿಯರ್ಸ್.’ ಈಗ ಎಣಿಸಿದರೆ ಸರಿಯಾಗಿ 8, 7, 8, 7. ಹಾಡಿದರೆ ಎಲ್ಲೂ ಎಡವುವುದಿಲ್ಲ. ಆದರೆ ಸೇರಿಸಿದ ಏಳು ಉಲಿ ಯಾವುವು? ಎವರ್, ದೇರ್, ಸೋ ಡಿಯರ್, ಇನ್ನೊಂದು ಎವರ್. ಇವುಗಳಲ್ಲಿ ಒಂದೂ ಮೂಲದಲ್ಲಿಲ್ಲ. ‘ಎಂದಾದರೂ’, ‘ಅಷ್ಟು ಪ್ರೀತಿಯ’ ಅನ್ನುವ ಮಾತನ್ನು ಆ ಹಾಡು ಆಡುವುದೇ ಇಲ್ಲ. ಗಾಳಿ, ಹುಟ್ಟು, ಗೆಳೆಯ, ಕಣ್ಣೀರು, ನಾಲ್ಕೇ ಸಾಮಾನು ಇಟ್ಟುಕೊಂಡು ಅದು ಕೂತಿದೆ. ‘ಸೋ ಡಿಯರ್’ ಬಂದ ತಕ್ಷಣ ಗ್ರೀಟಿಂಗ್ ಕಾರ್ಡ್ ಆಯಿತು.

ದೊಡ್ಡ ಬ್ಯಾಂಡ್ ಇದ್ದರೆ ಇದು ಅಷ್ಟು ಕಾಣುವುದಿಲ್ಲ. ಬರೀ ಕಂಠ ಮತ್ತು ಪಿಯಾನೋ ಇರುವಾಗ ಒಂದೊಂದು ಪದವೂ ಬೆಳಕಲ್ಲಿ ನಿಂತಿರುತ್ತದೆ, ಹುಸಿ ಪದ ಎರಡನೇ ಸಲಕ್ಕೇ ಸಿಕ್ಕಿಬೀಳುತ್ತದೆ.

ತಾಕ್ ಮತ್ತು ತಕ್ಕ್

ಅಕ್ಷರದ ಲೆಕ್ಕ ಒಂದಾದರೆ, ಉದ್ದದ ಲೆಕ್ಕ ಇನ್ನೊಂದು. ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ನಮಗೆ ಅಡಿ ಬೇರೆ, ಆಡಿ ಬೇರೆ, ಅಡ್ಡಿ ಬೇರೆ. ಸ್ವರ ಎಳೆದರೆ ಒಂದು ಅರ್ಥ, ವ್ಯಂಜನ ಒತ್ತಿದರೆ ಇನ್ನೊಂದು. ಸ್ವೀಡಿಷ್ ಕೂಡ ಹಾಗೇ. ತಾಕ್ ಅಂದರೆ ಮನೆಯ ಛಾವಣಿ, ತಕ್ಕ್ ಅಂದರೆ ಥ್ಯಾಂಕ್ಸ್. ಒತ್ತು ಬೀಳುವ ಕಡೆ ಒಂದೋ ಸ್ವರ ಉದ್ದವಾಗಬೇಕು, ಇಲ್ಲ ಅದರ ಮುಂದಿನ ವ್ಯಂಜನ ಉದ್ದವಾಗಬೇಕು. ಲಘು ಗುರು ಹಾಕಿ ಅಭ್ಯಾಸ ಇರುವವರಿಗೆ ಇದು ಕಿವಿಗೆ ತಾನಾಗಿ ಸಿಗುತ್ತದೆ. ಇಂಗ್ಲಿಷಿನ ಲಯ ನಡೆಯುವುದು ಉದ್ದದ ಮೇಲೆ ಅಲ್ಲ, ಬಡಿತದ ಮೇಲೆ. ಒತ್ತಿನ ಪದ ಎದ್ದು ನಿಲ್ಲುತ್ತದೆ, ನಡುವಿನ ಚಿಕ್ಕ ಪದಗಳು ಕುಗ್ಗಿ ಓಡುತ್ತವೆ. ಅಮೆರಿಕದ ಜಾಝ್ ಹಾಡುಗಾರಿಕೆ ಹುಟ್ಟಿದ್ದೇ ಆ ಏರಿಳಿತದ ಮೇಲೆ.

ಇನ್ನೂ ಒಂದಿದೆ. ಸ್ವೀಡಿಷ್ ಪದಗಳಿಗೆ ಎರಡು ಬಗೆಯ ನಾದ ಇದೆ. ‘ಆಂಡೆನ್’ ಅನ್ನುವುದನ್ನು ಒಂದು ರಾಗದಲ್ಲಿ ಹೇಳಿದರೆ ಬಾತುಕೋಳಿ, ಇನ್ನೊಂದು ರಾಗದಲ್ಲಿ ಹೇಳಿದರೆ ಆತ್ಮ. ಎರಡನೇ ಬಗೆಯ ಪದಗಳಲ್ಲಿ ದನಿ ಸ್ಟಾಕ್‌ಹೋಮಿನ ಕಡೆ ಎರಡು ಸಲ ಏಳುತ್ತದೆ, ಸಣ್ಣ ಅಲೆ ಬಂದು ಹೋದ ಮೇಲೆ ಇನ್ನೊಂದು ಬಂದ ಹಾಗೆ. ನಮ್ಮ ಹಾಡಿನ ಆ ಐದು ಭಾರದ ಪದಗಳೂ ಈ ಎರಡನೇ ಬಗೆಯವೇ. ಹಾಡುವಾಗ ಏರಿಳಿತ ಧಾಟಿಯ ಕೈಲಿರುತ್ತದೆ, ನಿಜ. ಆದರೂ ಎರಡನೇ ಉಲಿಗೆ ಒಂದಿಷ್ಟು ತೂಕ ಉಳಿದೇ ಉಳಿಯುತ್ತದೆ. ಓ-ರೋರ್. ತೋ-ರಾರ್. ದೋಣಿ ತೂಗಿದ ಹಾಗೆ. ಇಂಗ್ಲಿಷಿನ ‘ಓರ್ಸ್’ ಒಂದೇ ಸಲಕ್ಕೆ ಮುಗಿಯುತ್ತದೆ. ತೂಗಾಟ ನಿಂತು ದೋಣಿ ದಡಕ್ಕೆ ತಾಗಿದ ಹಾಗೆ.

ಇಷ್ಟು ತಿಳಿದ ಮೇಲೆ, ಈ ತೊಂದರೆಯನ್ನು ದೊಡ್ಡವರು ಹೇಗೆ ನಿಭಾಯಿಸಿದರು ಅಂತ ಹಳೆಯ ಧ್ವನಿಮುದ್ರಣಗಳ ಕಡೆ ಹೋದೆ.

1964ರ ಆಗಸ್ಟ್

ಸ್ವೀಡನ್ನಿನ ಜಾಝ್ ಗಾಯಕಿ ಮೋನಿಕಾ ಸೆಟರ್‌ಲುಂಡ್ ಹುಟ್ಟಿದ್ದು 1937ರಲ್ಲಿ, ಸ್ವೀಡನ್ನಿನ ಪಶ್ಚಿಮದ ವರ್ಮ್‌ಲಾಂಡ್ ಸೀಮೆಯ ಹಾಗ್‌ಫೋಶ್ ಅನ್ನುವ ಊರಿನಲ್ಲಿ. ರೇಡಿಯೋ ಮತ್ತು ರೆಕಾರ್ಡ್ ಕೇಳಿ ಕೇಳಿ ಅಮೆರಿಕದ ಜಾಝ್ ಹಾಡುಗಳನ್ನು ಕಲಿತರು. ಮೊದಮೊದಲು ಆ ಇಂಗ್ಲಿಷ್ ಮಾತಿನ ಅರ್ಥವೇ ಅವರಿಗೆ ಗೊತ್ತಿರಲಿಲ್ಲ. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ಭಾಷೆ ಅವರಿಗೆ ಮೊದಲು ದಕ್ಕಿದ್ದು ಉದ್ದ, ಒತ್ತು, ಉಸಿರು ಆಗಿ. ಅರ್ಥ ಆಮೇಲೆ ಬಂದು ಕೂತಿತು. 1963ರಲ್ಲಿ ಲಂಡನ್ನಿನಲ್ಲಿ ನಡೆದ ಯೂರೋವಿಷನ್ ಹಾಡಿನ ಸ್ಪರ್ಧೆಗೆ ಸ್ವೀಡನ್ನಿನ ಪರವಾಗಿ ಹೋಗಿ ಸ್ಟಾಕ್‌ಹೋಮಿನ ಬಗ್ಗೆ ಒಂದು ಹಾಡು ಹಾಡಿದರು. ಸಿಕ್ಕ ಅಂಕ ಸೊನ್ನೆ. ಮರುವರ್ಷ, 1964ರ ಆಗಸ್ಟ್ 29ಕ್ಕೆ, ಸ್ಟಾಕ್‌ಹೋಮಿನ ಸ್ಟುಡಿಯೋದಲ್ಲಿ ಪಿಯಾನೋ ವಾದಕ ಬಿಲ್ ಇವಾನ್ಸ್ ಜೊತೆ ಕೂತಿದ್ದರು. ಬಾಸ್‌ಗೆ ಚಕ್ ಇಸ್ರೇಲ್ಸ್, ಡ್ರಮ್ಸ್‌ಗೆ ಲ್ಯಾರಿ ಬಂಕರ್. ಆಲ್ಬಮ್ಮಿನ ಹೆಸರು ‘ವಾಲ್ಟ್ಸ್ ಫಾರ್ ಡೆಬಿ’. ಹುಡುಕುವವರು ಗಮನಿಸಿ, ಇವಾನ್ಸ್ ಅವರದೇ 1961ರ ವಿಲೇಜ್ ವ್ಯಾನ್‌ಗಾರ್ಡ್ (ನ್ಯೂಯಾರ್ಕಿನ ಜಾಝ್ ಕ್ಲಬ್) ಕಛೇರಿಯ ಪ್ರಸಿದ್ಧ ಆಲ್ಬಮ್ಮಿಗೂ ಇದೇ ಹೆಸರು. ಅದರಲ್ಲಿ ಹಾಡುಗಾರಿಕೆ ಇಲ್ಲ.

ಈ ಆಲ್ಬಮ್ಮಿನಲ್ಲಿ ಮೂರು ಬಗೆಯ ಹಾಡು ಪಕ್ಕಪಕ್ಕದಲ್ಲೇ ಇವೆ. ಅಮೆರಿಕದ ಸ್ಟ್ಯಾಂಡರ್ಡ್‌ಗಳು, ಅಂದರೆ ಜಾಝ್‌ನವರೆಲ್ಲ ಹಾಡುವ ಹೆಸರಾದ ಹಾಡುಗಳು, ಇಂಗ್ಲಿಷಿನಲ್ಲೇ. ಸ್ವೀಡನ್ನಿನ ಹಳೆಯ ಹಾಡುಗಳಾದ ‘ಯಾಗ್ ವೇತ್ ಎನ್ ದೇಯ್ಲಿಗ್ ರೂಸಾ’, ‘ವಿಂಡಾರ್ನಾ ಸುಕ್ಕಾ ಊತಿ ಸ್ಕೂಗಾರ್ನಾ’ ಸ್ವೀಡಿಷ್‌ನಲ್ಲೇ. ಮೂರನೆಯದು ಇವಾನ್ಸ್ ಅವರದೇ ರಚನೆ ‘ವಾಲ್ಟ್ಸ್ ಫಾರ್ ಡೆಬಿ’, ಸ್ವೀಡಿಷ್ ಮಾತು ಹಾಕಿಕೊಂಡು ‘ಮೋನಿಕಾಸ್ ವಾಲ್ಸ್’ ಆಗಿ. ಒಂದೇ ಗಾಯಕಿ, ಒಂದೇ ವಾದಕ, ಒಂದೇ ಕೋಣೆ, ಎರಡು ಭಾಷೆ. ನಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಯಾರೂ ಬೇಕಂತ ಮಾಡಿದರೂ ಸಿಗುತ್ತಿರಲಿಲ್ಲ.

ಹಳೆಯ ಹಾಡುಗಳಿಗೆ ಇಂಗ್ಲಿಷ್ ಸಿಕ್ಕಿದ್ದು ಶೀರ್ಷಿಕೆಯಲ್ಲಿ ಮಾತ್ರ. ‘ಎ ಬ್ಯೂಟಿಫುಲ್ ರೋಸ್’, ‘ಸಾರೋ ವಿಂಡ್’ ಅಂತ. ಒಳಗಿನ ಮಾತು ಮುಟ್ಟಲಿಲ್ಲ. ಇದು ಸರಿಯಾದ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ. ಸ್ವರ ಸ್ವರಕ್ಕೆ ಒಂದೊಂದು ಉಲಿ ಕಟ್ಟಿಕೊಂಡು ಬಂದ ಹಾಡು ಅದು, ಎರಡೂ ಬೆಸೆದು ಹೋಗಿವೆ. ಕೇಳುವಾಗ ಇವಾನ್ಸ್ ಏನು ಮಾಡುತ್ತಾರೆ ನೋಡಿ. ಉಲಿ ಎಲ್ಲಿ ಉದ್ದವಾಗುತ್ತದೋ ಅಲ್ಲಿ ಕಾಯುತ್ತಾರೆ. ಆಕೆ ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಮೆಲ್ಲಗೆ ಬರುತ್ತಾರೆ.

‘ಮೋನಿಕಾಸ್ ವಾಲ್ಸ್’ ಕತೆ ಬೇರೆ. ಇವಾನ್ಸ್ ತಮ್ಮ ಅಣ್ಣನ ಮಗಳು ಡೆಬಿಗಾಗಿ ಬರೆದ ವಾಲ್ಟ್ಸ್ (ಮೂರೆಣಿಕೆಯ ಕುಣಿತದ ಧಾಟಿ) ಇದು, 1956ರಲ್ಲೇ ಮೊದಲ ಸಲ ರೆಕಾರ್ಡ್ ಮಾಡಿದ್ದರು. ಜೀನ್ ಲೀಸ್ ಇದಕ್ಕೆ ಇಂಗ್ಲಿಷ್ ಮಾತು ಬರೆದರು: ತನ್ನದೇ ಲೋಕದಲ್ಲಿ ಆಟಿಕೆಗಳ ಜೊತೆ ಇರುವ ಪುಟ್ಟ ಹುಡುಗಿ, ಒಂದು ದಿನ ಬೆಳೆದು ಎಲ್ಲವನ್ನೂ ಬಿಟ್ಟು ಹೋಗುತ್ತಾಳೆ ಅನ್ನುವ ಹಾಡು. ಸ್ವೀಡಿಷ್‌ಗೆ ತಂದವರು ಬೆಪ್ಪೆ ವೂಲ್ಗೆರ್ಸ್. ಅವರು ತರ್ಜುಮೆ ಮಾಡಲು ಹೋಗಲಿಲ್ಲ. ಹೆಸರಿನಲ್ಲೇ ಡೆಬಿ ಹೋಗಿ ಮೋನಿಕಾ ಬಂದಳು. ಇದಕ್ಕೂ ಎರಡು ವರ್ಷ ಮೊದಲು, 1962ರಲ್ಲಿ, ‘ವಾಕಿನ್ ಮೈ ಬೇಬಿ ಬ್ಯಾಕ್ ಹೋಮ್’ ಅನ್ನುವ ಅಮೆರಿಕದ ಹಾಡಿಗೂ ವೂಲ್ಗೆರ್ಸ್ ಹೀಗೇ ಮಾಡಿದ್ದರು. ಹುಡುಗಿಯನ್ನು ಮನೆಗೆ ಬಿಟ್ಟು ಬರುವ ಹಾಡು ಅವರ ಕೈಯಲ್ಲಿ ಊರಿನಲ್ಲಿ ನಿಧಾನಕ್ಕೆ ಅಡ್ಡಾಡುವ ಹಾಡಾಯಿತು, ಮೋನಿಕಾ ಕಂಠದಲ್ಲಿ ಸ್ಟಾಕ್‌ಹೋಮಿನದೇ ಹಾಡಾಗಿ ನಿಂತಿತು. ಇವತ್ತು ಅದನ್ನು ಅಮೆರಿಕದ್ದು ಅಂದರೆ ಆ ಊರಿನವರಿಗೆ ಬೇಜಾರಾದರೂ ಆದೀತು. ನಮಗೆ ಬಿಎಂಶ್ರೀ ಅವರ ‘ಕರುಣಾಳು ಬಾ ಬೆಳಕೆ’ ಹಾಡುವಾಗ ಮೂಲದ ಇಂಗ್ಲಿಷ್ ಪ್ರಾರ್ಥನೆ ನೆನಪಿಗೇ ಬರುವುದಿಲ್ಲವಲ್ಲ, ಅದೇ ಬಗೆ.

ಗಮನಿಸಬೇಕಾದದ್ದು ಏನೆಂದರೆ, ಇಂಗ್ಲಿಷಿನಿಂದ ಸ್ವೀಡಿಷ್‌ಗೆ ಹೋಗುವಾಗ ಇಷ್ಟು ಧೈರ್ಯ ಕಾಣುತ್ತದೆ. ಅದೇ ಸ್ವೀಡಿಷ್‌ನಿಂದ ಇಂಗ್ಲಿಷಿಗೆ ಬರುವಾಗ ಎಷ್ಟೋ ಸಲ ಜನ ಶಬ್ದಕ್ಕೆ ಶಬ್ದ ಹಿಡಿದು ಕೂರುತ್ತಾರೆ. ಹಳೆಯ ಹಾಡಿನ ಮೇಲಿನ ಭಯಭಕ್ತಿ ಇರಬೇಕು. ಆ ಭಕ್ತಿ ನನಗೂ ಇದೆ. ಆದರೆ ಅದೇ ಭಕ್ತಿ ‘ಸೋ ಡಿಯರ್’ ತಂದು ಹಾಕುತ್ತದೆ.

ಅದೇ ವಾಲ್ಟ್ಸ್, ಹನ್ನೊಂದು ವರ್ಷ ಆದ ಮೇಲೆ

1975ರ ಜೂನ್‌ನಲ್ಲಿ ಇವಾನ್ಸ್ ಕ್ಯಾಲಿಫೋರ್ನಿಯಾದಲ್ಲಿ ಗಾಯಕ ಟೋನಿ ಬೆನೆಟ್ ಜೊತೆ ಒಂದು ಆಲ್ಬಮ್ ಮಾಡಿದರು. ಈ ಸಲ ಬಾಸ್ ಇಲ್ಲ, ಡ್ರಮ್ಸ್ ಇಲ್ಲ, ಇಬ್ಬರೇ. ಅದರಲ್ಲಿ ‘ವಾಲ್ಟ್ಸ್ ಫಾರ್ ಡೆಬಿ’ ಇದೆ, ಜೀನ್ ಲೀಸ್ ಅವರ ಇಂಗ್ಲಿಷ್ ಮಾತಿನಲ್ಲಿ. 1964ರಲ್ಲಿ ಸೆಟರ್‌ಲುಂಡ್ ಹಾಡಿದ್ದ ‘ಸಮ್ ಅದರ್ ಟೈಮ್’ ಕೂಡ ಇದೆ. ಎರಡೂ ಆಲ್ಬಮ್ಮುಗಳಿಂದ ಈ ಎರಡು ಹಾಡನ್ನು ಒಂದಾದ ಮೇಲೊಂದು ಕೇಳಿ. ಒಂದು ಸಂಜೆ ಸಾಕು.

ಬಾಸ್ ಇಲ್ಲದಿದ್ದರೆ ಪಿಯಾನೋದವರ ಎಡಗೈ ಕೆಲಸವೇ ಬದಲಾಗುತ್ತದೆ. ಟ್ರಿಯೋದಲ್ಲಿ, ಅಂದರೆ ಪಿಯಾನೋ, ಬಾಸ್, ಡ್ರಮ್ಸ್ ಮೂವರ ತಂಡದಲ್ಲಿ, ತಳದ ಸ್ವರವನ್ನು ಬಾಸ್ ಹಿಡಿದಿರುತ್ತದೆ, ಎಡಗೈ ಮೇಲಿನ ಬಣ್ಣ ಮಾತ್ರ ಹಚ್ಚಿಕೊಂಡು ಇರಬಹುದು. ಇಬ್ಬರೇ ಆದಾಗ ತಳವನ್ನೂ ತಾನೇ ಹಾಕಬೇಕು, ಕಾಲವನ್ನೂ ತಾನೇ ಹಿಡಿಯಬೇಕು. ಆದರೆ ಹಾಡುವ ಭಾಷೆ ಇಂಗ್ಲಿಷ್ ಆದರೆ ಒಂದು ಸಹಾಯ ಇದೆ. ಮಾತಿನ ಬಡಿತವೇ ಅರ್ಧ ಕಾಲ ಹಿಡಿದುಕೊಡುತ್ತದೆ. ಬೆನೆಟ್ ಮಾತಾಡಿದ ಹಾಗೆ ಹಾಡುತ್ತಾರೆ, ಒತ್ತು ಬೀಳುವ ಕಡೆ ಬೀಳುತ್ತದೆ, ಇವಾನ್ಸ್ ಅದರ ಸುತ್ತ ಸಡಿಲವಾಗಿ ನುಡಿಸುತ್ತಾರೆ.

‘ಸಮ್ ಅದರ್ ಟೈಮ್’ ಬಗ್ಗೆ ಒಂದು ಹಳೆಯ ಸಂಗತಿ ಇದೆ. 1958ರ ಡಿಸೆಂಬರಿನಲ್ಲಿ ಇವಾನ್ಸ್ ಈ ಹಾಡಿಗೆ ಮುನ್ನುಡಿಯಾಗಿ ಎಡಗೈಯಲ್ಲಿ ಎರಡೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಆಚೆ ಈಚೆ ತೂಗುತ್ತಾ ಕೂತಿದ್ದರು. ಆ ತೂಗಾಟ ಎಷ್ಟು ಹಿಡಿಸಿತೆಂದರೆ ಹಾಡನ್ನೇ ಬಿಟ್ಟು ಅದರ ಮೇಲೆ ‘ಪೀಸ್ ಪೀಸ್’ ಅನ್ನುವ ಬೇರೆಯದೇ ರಚನೆ ನುಡಿಸಿಬಿಟ್ಟರು. ಎರಡು ಕಾರ್ಡ್, ಅವುಗಳ ನಡುವೆ ಜಾಗ, ಅಷ್ಟೇ. ಮಾತು ನಿಂತ ಮೇಲೆ ಪಿಯಾನೋ ಏನು ಮಾಡಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಓಲಾಂಡಿನ ಹಾಡಿನ ಏಳು ಅಕ್ಷರ ಎಲ್ಲಿ ಹೋಗಬೇಕು ಅಂತ ಹೊಳೆದದ್ದು ಇದನ್ನು ಕೇಳುವಾಗಲೇ.

ಮಾತಿಲ್ಲದೆ ಹೋದವರು

ಇನ್ನೊಂದು ದಾರಿಯೂ ಇದೆ, ಮಾತನ್ನೇ ಬಿಟ್ಟುಬಿಡುವುದು. 1951ರ ಮಾರ್ಚ್‌ನಲ್ಲಿ ಅಮೆರಿಕದ ಜಾಝ್ ವಾದಕ ಸ್ಟಾನ್ ಗೆಟ್ಸ್ ಸ್ಟಾಕ್‌ಹೋಮಿನಲ್ಲಿ ‘ಆಖ್ ವರ್ಮೆಲಾಂಡ್ ದೂ ಶೋನಾ’ ಅನ್ನುವ ಹಾಡನ್ನು ಸ್ಯಾಕ್ಸೋಫೋನಿನಲ್ಲಿ ನುಡಿಸಿ ರೆಕಾರ್ಡ್ ಮಾಡಿದರು. ಪಿಯಾನೋಗೆ ಬೆಂಗ್ಟ್ ಹಾಲ್‌ಬೆರಿ, ಆಗ ವಯಸ್ಸು 18. ಹಳೆಯ ಜಾನಪದ ಧಾಟಿ, 1822ರಲ್ಲಿ ಆಂಡರ್ಸ್ ಫ್ರಿಕ್ಸೆಲ್ ಬರೆದ ಮಾತು, ವರ್ಮ್‌ಲಾಂಡ್ ಸೀಮೆಯನ್ನು ಹೊಗಳುವ ಹಾಡು. ಅಮೆರಿಕದಲ್ಲಿ ಅದು ಹೊರಬಂದದ್ದು ‘ಡಿಯರ್ ಓಲ್ಡ್ ಸ್ಟಾಕ್‌ಹೋಮ್’ ಅನ್ನುವ ಹೆಸರಿನಲ್ಲಿ. ವರ್ಮ್‌ಲಾಂಡ್ ಇರುವುದು ನಾರ್ವೆಯ ಗಡಿಗೆ, ಸ್ಟಾಕ್‌ಹೋಮ್ ಇರುವುದು ದೇಶದ ಇನ್ನೊಂದು ಅಂಚಿಗೆ! ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1952ರಲ್ಲೂ 1956ರಲ್ಲೂ ಅದೇ ಹೆಸರಿನಲ್ಲಿ ನುಡಿಸಿದರು, 1963ರಲ್ಲಿ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಕೂಡ. ಜಾಝ್ ಲೋಕಕ್ಕೆ ಆ ಹಾಡಿನ ಊರು ಇವತ್ತಿಗೂ ಸ್ಟಾಕ್‌ಹೋಮೇ. ನನಗೆ ಇದು ಸ್ವಲ್ಪ ನೋವಿನ ಸಂಗತಿ. ಸಂಗೀತ ಅದ್ಭುತ, ಆದರೆ ಒಂದು ಸೀಮೆ ತನ್ನ ಹಾಡಿನಿಂದಲೇ ಅಳಿಸಿಹೋಯಿತು.

ಸ್ವೀಡನ್ನಿನ ಪಿಯಾನೋ ವಾದಕ ಯಾನ್ ಯೂಹಾನ್‌ಸೋನ್ ಹಾಡುಗಳ ಮೂಲ ಹೆಸರು ಉಳಿಸಿಕೊಂಡರು. ಅವರ ‘ಜಾಝ್ ಪೋ ಸ್ವೆನ್ಸ್ಕಾ’, ಅಂದರೆ ಸ್ವೀಡಿಷ್‌ನಲ್ಲಿ ಜಾಝ್, 1964ರದ್ದೇ. ಪಿಯಾನೋ ಮತ್ತು ಯೋರಿ ರೀಡೆಲ್ ಅವರ ಬಾಸ್, ಮೂರನೆಯವರು ಇಲ್ಲ. ಎರಡೂವರೆ ಲಕ್ಷಕ್ಕೂ ಹೆಚ್ಚು ಪ್ರತಿ ಹೋದ ಆಲ್ಬಮ್ ಇದು; ಸ್ವೀಡನ್ನಿನ ಜಾಝ್‌ನಲ್ಲಿ ಇದಕ್ಕಿಂತ ಜಾಸ್ತಿ ಮಾರಾಟವಾದದ್ದು ಇನ್ನೊಂದಿಲ್ಲ. ಮೊದಲ ಹಾಡು ‘ವೀಸಾ ಫ್ರೋನ್ ಊತಾನ್‌ಮೀರಾ’, ಊತಾನ್‌ಮೀರಾದ ಹಾಡು, ಅದು ದಾಲಾರ್ನಾ ಸೀಮೆಯ ಒಂದು ಹಳ್ಳಿ. ಧಾಟಿಗೆ ಹ್ಯಾಗೆ ಬೇಕೋ ಹಾಗೆ ಅಲಂಕಾರ ಮಾಡುವುದಿಲ್ಲ. ಒಂದೊಂದೇ ಸ್ವರ ಇಟ್ಟು, ಅದು ಸೋರಿ ಹೋಗುವವರೆಗೆ ಬಿಡುತ್ತಾರೆ. ಬೆಬಾಪ್ (ಬಹಳ ವೇಗದ ಜಾಝ್) ಬೆರಳಿದ್ದ ಮನುಷ್ಯ, ಗೆಟ್ಸ್ ಜೊತೆಯೇ ನುಡಿಸಿದ್ದವರು, ಇಲ್ಲಿ ಕೈ ಕಟ್ಟಿಕೊಂಡು ಕೂತ ಹಾಗೆ ನುಡಿಸುತ್ತಾರೆ. ಹಾಡುವ ಬಾಯಿ ಇಲ್ಲದಿದ್ದರೂ ಮಾತಿನ ಜಾಗ ಹಾಗೇ ಉಳಿದಿದೆ. 1968ರಲ್ಲಿ ಕಛೇರಿಗೆ ಹೋಗುವ ದಾರಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 37.

ಇಬ್ಬರೇ ಇರುವುದು ಅಂದರೆ

ನಿಜವಾದ ಜೋಡಿಯ ಮಾದರಿ ಬೇಕೆಂದರೆ ನಾರ್ವೆಗೆ ಹೋಗಬೇಕು. 1982ರ ‘ಫೇರಿಟೇಲ್ಸ್’. ಹಾಡಿದವರು ರಾಡ್ಕಾ ತೋನೆಫ್, ಓಸ್ಲೋದವರು, ತಂದೆ ಬಲ್ಗೇರಿಯಾದವರು. ಪಿಯಾನೋ ಸ್ಟೀವ್ ಡೋಬ್ರೋಗೋಸ್, ಅಮೆರಿಕದಿಂದ ಬಂದು ಸ್ಟಾಕ್‌ಹೋಮಿನಲ್ಲಿ ನೆಲೆಸಿದವರು. ಪೂರ್ತಿ ಆಲ್ಬಮ್ ಇಬ್ಬರದೇ, ಪೂರ್ತಿ ಇಂಗ್ಲಿಷಿನಲ್ಲೇ. ನಾರ್ಡಿಕ್ ಜಾನಪದ ಅದರಲ್ಲಿಲ್ಲ, ಜಿಮ್ಮಿ ವೆಬ್ ಅವರ ಚಂದ್ರನ ಹಾಡಿನಿಂದ ಶುರುವಾಗುತ್ತದೆ. ಆದರೂ ನಮ್ಮ ಪ್ರಕರಣಕ್ಕೆ ಇದು ಬೇಕೇ ಬೇಕು. ಯಾಕೆಂದರೆ ಇಲ್ಲಿ ಇಂಗ್ಲಿಷ್ ಯಾರಿಗೆ ತಾಯಿಮಾತೋ ಅವರು ಪಿಯಾನೋ ಮುಂದೆ ಕೂತಿದ್ದಾರೆ, ಯಾರಿಗೆ ಕಲಿತ ಮಾತೋ ಅವರು ಹಾಡುತ್ತಿದ್ದಾರೆ. ತೋನೆಫ್ ಒಂದೊಂದು ಪದವನ್ನೂ ಕೈಯಲ್ಲಿ ಎತ್ತಿ ನೋಡಿ ಇಟ್ಟ ಹಾಗೆ ಹಾಡುತ್ತಾರೆ. ಅವಸರ ಇಲ್ಲ. ಚಿಕ್ಕ ಪದ ಅಂತ ನುಂಗುವುದಿಲ್ಲ. ಡೋಬ್ರೋಗೋಸ್ ಆ ಪದದ ಬಾಲವನ್ನು ಪೆಡಲ್ ಒತ್ತಿ ಹಿಡಿಯುತ್ತಾರೆ. ಅದೇ ವರ್ಷ ಅಕ್ಟೋಬರಿನಲ್ಲಿ, 30ನೇ ವಯಸ್ಸಿಗೆ, ತೋನೆಫ್ ತೀರಿಕೊಂಡರು. 2011ರಲ್ಲಿ ನಾರ್ವೆಯ ಸಂಗೀತಗಾರರನ್ನು ಕೇಳಿ ಎಲ್ಲ ಕಾಲದ ಅತ್ಯುತ್ತಮ ನಾರ್ವೇಜಿಯನ್ ಆಲ್ಬಮ್ ಆರಿಸಿದಾಗ ಮೊದಲು ಬಂದದ್ದು ಇದು.

ಮತ್ತೆ ಆ ನಾಲ್ಕು ಸಾಲು

ಇಷ್ಟೆಲ್ಲ ಕೇಳಿ ಬಂದ ಮೇಲೆ ತುಂಬಿಸಿದ ಸಾಲುಗಳನ್ನು ಹೊಡೆದು ಹಾಕಿದೆ. ನಡುವೆ ಇನ್ನೊಂದು ಆಸೆಯೂ ಹುಟ್ಟಿತ್ತು. ಸ್ವೀಡಿಷ್‌ನ ಓರೋರ್, ತೋರಾರ್ ಹೆಚ್ಚುಕಡಿಮೆ ಪ್ರಾಸ; ಇಂಗ್ಲಿಷಿನ ಓರ್ಸ್, ಟಿಯರ್ಸ್ ಕೂಡುವುದಿಲ್ಲ. ‘ಓರ್’ಗೆ ‘ಶೋರ್’ ತಂದರೆ ಕೂಡುತ್ತದೆ, ಗೆಳೆಯನನ್ನು ದಡದಲ್ಲಿ ಬಿಟ್ಟು ಹೋಗುವ ಚಿತ್ರವೂ ಬರುತ್ತದೆ. ಒಂದು ದಿನ ಪೂರ್ತಿ ಖುಷಿಯಲ್ಲಿದ್ದೆ. ಆಮೇಲೆ ನೋಡಿದರೆ ಕಣ್ಣೀರಿಗೇ ಜಾಗ ಇಲ್ಲ. ಬಿಟ್ಟೆ. ಪ್ರಾಸ ಹೋಗಲಿ, ಕಣ್ಣೀರು ಇರಲಿ.

ಉಳಿದದ್ದು ಮೊದಲು ಬರೆದಿದ್ದ ಬರಿಗೈಯ ಇಂಗ್ಲಿಷ್, 23 ಉಲಿ. ಆ ಏಳು ಪಿಯಾನೋ ಪಾಲು. ಹೇಗೆಂದರೆ, ‘ಸೇಗ್ಲಾ’ಕ್ಕೆ ಧಾಟಿಯಲ್ಲಿ ಎರಡು ಸ್ವರ ಇದೆಯಲ್ಲ, ಗಾಯಕಿ ‘ಸೇಲ್’ ಅಂತ ಮೊದಲ ಸ್ವರ ಹಾಡಿ ನಿಲ್ಲಿಸಬೇಕು, ಎರಡನೇ ಸ್ವರವನ್ನು ಪಿಯಾನೋ ಒಂದೇ ಬೆರಳಲ್ಲಿ ಇಡಬೇಕು. ‘ಓರ್ಸ್’ ಕೂಡ ಹಾಗೇ. ‘ಟಿಯರ್ಸ್’ ಕೂಡ. ಎಳೆದು ಎರಡು ಸ್ವರಕ್ಕೂ ಒಂದೇ ಪದ ಹಾಡಬಹುದು, ಆದರೆ ಎಲ್ಲ ಕಡೆ ಎಳೆದರೆ ಜೋಗುಳದ ಹಾಗಾಗುತ್ತದೆ. ಅರ್ಧ ಪದ ಕಂಠದಲ್ಲಿ, ಅರ್ಧ ಪದ ಪಿಯಾನೋದಲ್ಲಿ ಆದಾಗ ಕಳೆದುಹೋಗಿದ್ದ ತೂಗಾಟ ವಾಪಸ್ ಬರುತ್ತದೆ. ಡ್ರಮ್ಸ್ ಇದ್ದಿದ್ದರೆ ಆ ಒಂಟಿ ಸ್ವರ ಕೇಳಿಸುತ್ತಲೇ ಇರಲಿಲ್ಲ. ಇಬ್ಬರೇ ಇರುವುದರಿಂದ ಆಗುತ್ತದೆ. ಇನ್ನೂ ಒಂದು ಲಾಭ ಇದೆ: ಆ ಬಿಡಿ ಸ್ವರದ ಕೆಳಗೆ ಮೊದಲ ನುಡಿಯಲ್ಲಿ ಒಂದು ಕಾರ್ಡ್, ಎರಡನೆಯದರಲ್ಲಿ ಬೇರೆ ಕಾರ್ಡ್ ಇಡಬಹುದು. ಮಾತು ಅದೇ ಇದ್ದರೂ ಬೆಳಕು ಬದಲಾಗುತ್ತದೆ. ನಾನು ಕಂಡುಕೊಂಡದ್ದು ಇಷ್ಟೇ ಆದರೂ, ಇಂಗ್ಲಿಷಿಗೆ ತಂದ ನಾರ್ಡಿಕ್ ಹಾಡು ಈಗ ಯಾವುದು ಕೇಳಿದರೂ ಕಿವಿ ಮೊದಲು ಇದನ್ನೇ ಹುಡುಕುತ್ತದೆ. ಅಕ್ಷರ ಕಡಿಮೆ ಬಿದ್ದ ಜಾಗಕ್ಕೆ ಪದ ಬಂತಾ, ಪಿಯಾನೋ ಬಂತಾ?

ಒಂದು ಗಂಟು ಮಾತ್ರ ಹೀಗೂ ಬಿಚ್ಚಲಿಲ್ಲ. ಮೂರನೇ ಸಾಲಿನ ಕೊನೆಯ ಪದ. ಮೊದಲ ನುಡಿಯಲ್ಲಿ ‘ವೆನ್ನೆನ್ ಸಿನ್’, ಎರಡನೆಯದರಲ್ಲಿ ‘ವೆನ್ನೆನ್ ಮಿನ್’. ಸಿನ್ ಅಂದರೆ ತನ್ನ. ಗಂಡಸೋ ಹೆಂಗಸೋ ಹೇಳದ, ಯಾರಾದರೂ ತಮ್ಮದು ಅನ್ನಬಹುದಾದ ‘ತನ್ನ’. ಇಂಗ್ಲಿಷಿಗೆ ಆ ಪದವೇ ಇಲ್ಲ, ಅದಕ್ಕೇ ನನ್ನ ಸಾಲಿನಲ್ಲಿ ‘ಹಿಸ್’ ಬಂದು ಕೂತಿತ್ತು, ಹಾಡುತ್ತಿರುವುದು ಹೆಣ್ಣಾದರೂ. ಮಿನ್ ಅಂದರೆ ನನ್ನ. ಇಡೀ ಹಾಡಿನ ಕತೆ ಆ ಒಂದು ವ್ಯಂಜನದಲ್ಲಿ ನಡೆಯುತ್ತದೆ. ಲೋಕದ ಮಾತಾಗಿದ್ದದ್ದು ಅಲ್ಲಿ ತನ್ನ ಮಾತಾಗುತ್ತದೆ.

ಇಂಗ್ಲಿಷಿನಲ್ಲಿ ಇದಕ್ಕೆ ವೂಲ್ಗೆರ್ಸ್ ದಾರಿ ಹಿಡಿದೆ. ಮೊದಲ ನುಡಿಯಲ್ಲಿ ‘ಫ್ರಮ್ ಎ ಫ್ರೆಂಡ್’, ಎರಡನೆಯದರಲ್ಲಿ ‘ಫ್ರಮ್ ಯೂ’. ಗೆಳೆಯನ ಬಗ್ಗೆ ಹೇಳುತ್ತಿದ್ದವಳು ಅವನ ಕಡೆಗೇ ತಿರುಗಿ ಹೇಳುತ್ತಾಳೆ. ಜಾಝ್ ಹಾಡುಗಳು ಎಷ್ಟೋ ಸಲ ಮಾತಾಡುವುದು ಎದುರಿಗಿರುವವರ ಜೊತೆ ಅಲ್ವಾ, ಹಾಗಾಗಿ ಹೊಂದಿತು. ಮೂಲದಲ್ಲಿ ಆ ತಿರುವು ಇಲ್ಲ, ಇದು ಬೇರೆಯದೇ ಹಾಡಾಯಿತು ಅಂದರೆ ಒಪ್ಪುತ್ತೇನೆ.

ಕನ್ನಡದಲ್ಲಿ ಆ ಗಂಟೇ ಇಲ್ಲ. ಅಕ್ಷರ ಜಾಸ್ತಿಯಾಗಿ ಧಾಟಿಗೆ ಕೂರುವುದಿಲ್ಲ ಅಂತ ಬಿಟ್ಟಿದ್ದೆ, ಆದರೂ ಮೊನ್ನೆ ಸುಮ್ನೆ ಗುನುಗುವಾಗ ಮೂರನೇ ಸಾಲು ತಾನಾಗಿ ಬಾಯಿಗೆ ಬಂತು. ಮೊದಲ ಸಲ ‘ತನ್ನ ಗೆಳೆಯನ ಅಗಲುವರ್ಯಾರು’. ಎರಡನೇ ಸಲ ‘ನನ್ನ ಗೆಳೆಯನ ಅಗಲಲಾರೆ’. ತನ್ನ, ನನ್ನ. ಸಿನ್, ಮಿನ್.